ಬ್ಯಾಗಿನ ರೈನ್ ಕವರ್ ನಂಬಿ ಬೈಕ್ ಹತ್ತಬೇಡಿ

ಬೀದರಿನಲ್ಲಿ ದಾಖಲೆ ಪರಿಶೀಲನೆ ಇತ್ತು. ಬೆಳಗ್ಗೆ ಹತ್ತೂವರೆಗೆ ಅಲ್ಲಿರಬೇಕು. ಕಲಬುರಗಿಯಿಂದ ಸುಮಾರು 110 ಕಿಲೋಮೀಟರ್. ಬಸ್ಸಿಗೆ ಹೋಗು ಅಂತ ಅವ್ವ ಎರಡು ಸಲ ಹೇಳಿದಳು. ನಾನು ಬೈಕ್ ತೆಗೆದೆ.

ಸೆಪ್ಟೆಂಬರ್ ತಿಂಗಳು. ನಮ್ಮ ಕಡೆಯವರಿಗೆ ಒಂದು ಹುಂಬ ಧೈರ್ಯ ಇರುತ್ತೆ ನೋಡಿ, ಬಿಸಿಲೂರಲ್ಲಿ ಮಳೆ ಎಷ್ಟು ಬಂದೀತು ಅಂತ. ರೈನ್‌ಕೋಟ್ ಅಂದರೆ ಮಲೆನಾಡಿನವರ ಸಾಮಾನು. ಆದರೆ ಇಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರಿನಲ್ಲಿ. ಮುಂಗಾರು ಹೋಗುವ ಮೊದಲು ಬಾಕಿಯೆಲ್ಲ ಚುಕ್ತಾ ಮಾಡಿ ಹೋಗುತ್ತದೆ.

ಬ್ಯಾಗಿಗೆ ರೈನ್ ಕವರ್ ಇತ್ತು. ಮಾರಿದವನು ‘ಫುಲ್ ವಾಟರ್‌ಪ್ರೂಫ್’ ಅಂದಿದ್ದ. ಹಿಂದಿನ ಸೀಟಿನ ಮೇಲೆ ಬ್ಯಾಗು ನಿಲ್ಲಿಸಿ, ಭುಜದ ಪಟ್ಟಿ ನನ್ನ ಬೆನ್ನಿನ ಕಡೆ ಮಾಡಿ, ಎಲಾಸ್ಟಿಕ್ ಹಗ್ಗದಿಂದ ಬಿಗಿದೆ. ಒಳಗೆ ಒಂದು ಅಂಗಿ, ಚಾರ್ಜರ್. ಲ್ಯಾಪ್‌ಟಾಪ್ ಇಡುವ ಜಾಗದಲ್ಲಿ ಫೈಲು. ಅದು ತಾನೇ ಭದ್ರವಾದ ಜಾಗ!

ಕಮಲಾಪುರದಲ್ಲಿ ಚಹಾ ಕುಡಿಯುವಾಗಲೇ ಮೋಡ ಕಪ್ಪಗಿತ್ತು. ಕಿಣ್ಣಿ ಸಡಕ್ ಹತ್ತಿರ ಹಿಡಿಯಿತು. ಎರಡೂ ಕಡೆ ತೊಗರಿ ಹೊಲ, ನಿಲ್ಲಲು ಒಂದು ಮರವಿಲ್ಲ. ಒಬ್ಬ ಮುದುಕ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಆರಾಮಾಗಿ ನಡೆದು ಹೋಗುತ್ತಿದ್ದ. ಬ್ಯಾಗಿಗೆ ಕವರ್ ಇದೆಯಲ್ಲ ಅಂತ ನಾನೂ ಆರಾಮಾಗೇ ಇದ್ದೆ.

ಹುಮನಾಬಾದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನೋಡಿದರೆ ಕವರಿನ ತಳ ಎಮ್ಮೆ ಕೆಚ್ಚಲಿನ ಹಾಗೆ ಜೋತು ಬಿದ್ದಿತ್ತು. ಬೆರಳಿಂದ ಒತ್ತಿದರೆ ಗುಳುಗುಳು ಅಂದಿತು. ಹಗ್ಗದ ಕೊಕ್ಕೆ ಸಿಕ್ಕಿಸಿದ್ದ ಕಡೆ ಕವರ್ ಒಂದು ಬೆರಳಷ್ಟು ಹರಿದಿತ್ತು. ಆದರೆ ನೀರು ಜಾಸ್ತಿ ಬಂದದ್ದು ಅಲ್ಲಿಂದ ಅಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬಹಳ ಜನ ನನ್ನ ಹಾಗೇ ಮೋಸ ಹೋಗಿದ್ದಾರೆ. ಈ ಕವರು ಬ್ಯಾಗಿನ ಮುಂಭಾಗ ಮುಚ್ಚುತ್ತದೆ, ಭುಜದ ಪಟ್ಟಿ ಇರುವ ಕಡೆ ಮುಚ್ಚುವುದಿಲ್ಲ. ಅದು ನಡೆಯುವವರಿಗಾಗಿ ಮಾಡಿದ್ದು, ಆ ಭಾಗಕ್ಕೆ ಅವರ ಬೆನ್ನೇ ಮರೆ. ಸೀಟಿಗೆ ಕಟ್ಟಿದಾಗ ಬೆನ್ನಿಗೂ ಬ್ಯಾಗಿಗೂ ನಡುವೆ ಸಂದು ಉಳಿಯುತ್ತದೆ. ಜಾಕೆಟ್ ಮೇಲಿಂದ ಇಳಿದ ನೀರೆಲ್ಲ ಆ ಸಂದಿಗೇ. ಅಲ್ಲಿಂದ ಹೊಲಿಗೆಯ ತೂತುಗಳಲ್ಲಿ ಇಳಿದು ಕವರಿನ ತಳಕ್ಕೆ ಸೇರುತ್ತದೆ. ನನ್ನ ಕವರಿಗೆ ನೀರು ಹೊರಗೆ ಹೋಗಲು ತೂತೇ ಇರಲಿಲ್ಲ, ಹಾಗಾಗಿ ಬ್ಯಾಗು ಬೋಗುಣಿಯಲ್ಲಿ ಕೂತಂತೆ ಕೂತಿತ್ತು. ಇನ್ನು ಲ್ಯಾಪ್‌ಟಾಪ್ ಜಾಗ ಇರುವುದು ಯಾವ ಕಡೆ? ಆ ಪಟ್ಟಿಯ ಕಡೆಗೇ.

ಫೈಲು ಪ್ಲಾಸ್ಟಿಕ್ಕಿನದು. ಮೇಲಿಂದ ಒಳಬಂದ ನೀರನ್ನು ಅದೂ ಹೊರಗೆ ಬಿಡಲಿಲ್ಲ. ಜೆರಾಕ್ಸ್ ಪ್ರತಿಗಳ ಅಕ್ಷರ ಹಾಗೇ ಇತ್ತು, ಜೆರಾಕ್ಸ್ ಯಂತ್ರದ ಶಾಯಿ ಪುಡಿ ನೀರಿಗೆ ಕರಗುವುದಿಲ್ಲ. ಹೋದದ್ದು ಮೊಹರು ಮತ್ತು ಜೆಲ್ ಪೆನ್ನಿನ ಸಹಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರದ ಮೇಲಿನ ನೇರಳೆ ಮೊಹರು ನೇರಳೆ ಹಣ್ಣು ಹಿಚುಕಿದ ಹಾಗೆ ಹರಡಿತ್ತು. ಪಾಸ್‌ಪೋರ್ಟ್ ಅಳತೆಯ ಎಂಟು ಫೋಟೊ ಒಂದಕ್ಕೊಂದು ಅಂಟಿ ಒಂದೇ ದಪ್ಪ ಬಿಲ್ಲೆ ಆಗಿದ್ದವು. ಅವಸರದಲ್ಲಿ ಎಳೆದೆ. ನನ್ನ ಮುಖದ ಅರ್ಧ ಇನ್ನೊಂದರ ಬೆನ್ನಿಗೆ ಹೋಯಿತು.

ಬೀದರಿನಲ್ಲಿ ನೋಡಿದವರು ಮೊದಲು ನಕ್ಕರು, ಆಮೇಲೆ ಪಾಪ ಅನಿಸಿ ಒಂದು ವಾರ ಟೈಮ್ ಕೊಟ್ಟರು. ಆ ವಾರದ ಓಡಾಟ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ, ಬಿಡಿ.

ಈಗ ರೈನ್ ಕವರನ್ನು ಕೆಸರು ಸಿಡಿಯದಿರಲಿ ಅಂತ ಮಾತ್ರ ಹಾಕುತ್ತೇನೆ. ನಮ್ಮ ಎರೆಮಣ್ಣಿನ ರಾಡಿ ಹಿಂದಿನ ಚಕ್ರದಿಂದ ಎಗರಿದರೆ ಸುಲಭಕ್ಕೆ ಬಿಡುವುದಿಲ್ಲ. ನೀರು ತಡೆಯಲು ಬ್ಯಾಗಿನ ಒಳಗೆ ಡ್ರೈ ಬ್ಯಾಗ್, ಬಾಯಿ ಸುತ್ತಿ ಕ್ಲಿಪ್ ಹಾಕುವಂಥದ್ದು. ಗಾಳಿ ಹಿಂಡಿ ತೆಗೆದು ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಬೇಕು. ಒಂದೇ ಸುತ್ತಿಗೆ ಕ್ಲಿಪ್ ಹಾಕಿದರೆ ಸುಮ್ನೆ ದುಡ್ಡು ದಂಡ. ಸುತ್ತಲು ಜಾಗ ಬೇಕಲ್ವಾ, ಅದಕ್ಕೆ ಪೂರ್ತಿ ತುಂಬಬೇಡಿ, 20 ಲೀಟರಿನದರಲ್ಲಿ 20 ಲೀಟರ್ ಹಿಡಿಯುವುದಿಲ್ಲ. ಅಷ್ಟು ಖರ್ಚು ಬೇಡ ಅಂದರೆ ದಪ್ಪ ಪ್ಲಾಸ್ಟಿಕ್ ಚೀಲ ಎರಡು, ಒಂದರೊಳಗೊಂದು, ಬಾಯಿ ತಿರುಚಿ ಮಡಚಿ ರಬ್ಬರ್ ಹಾಕಿ. ಆ ಮುದುಕನ ಕೊಪ್ಪೆಯಷ್ಟೇ ಅಗ್ಗ.

ಯಾವುದೇ ತಂದರೂ ಮನೆಯಲ್ಲೇ ಪರೀಕ್ಷೆ ಮಾಡಿ. ಒಳಗೆ ಹಳೆ ಪೇಪರ್ ತುರುಕಿ, ಶವರ್ ಕೆಳಗೆ ಹತ್ತು ನಿಮಿಷ ಇಟ್ಟು, ಬೈಕ್ ಮೇಲೆ ಹೇಗೆ ಕೂರುತ್ತದೋ ಹಾಗೇ ನಿಲ್ಲಿಸಿ. ಮಲಗಿಸಿ ನೋಡಿದರೆ ಎಲ್ಲ ಬ್ಯಾಗೂ ಪಾಸಾಗುತ್ತವೆ. ಬಿಚ್ಚಿದ ಒದ್ದೆ ರೈನ್‌ಕೋಟನ್ನು ಅದೇ ಬ್ಯಾಗಿಗೆ ತುರುಕುವ ಚಾಳಿಯೂ ಬೇಡ.

ಇಷ್ಟಾದ ಮೇಲೂ ಕಾಗದ ನೆನೆದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಬಿಳಿ ಬಟ್ಟೆಯ ಮೇಲೆ ಒಂದೊಂದೇ ಹಾಳೆ ಹರಡಿ ಫ್ಯಾನ್ ಹಾಕಿ. ಅಂಟಿದ ಫೋಟೊಗಳನ್ನು ಒಣಗುವ ಮೊದಲೇ ತಣ್ಣೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಬೇಕಂತೆ. ಇದನ್ನು ಆಮೇಲೆ ಫೋಟೊ ಸ್ಟುಡಿಯೋದವರು ಹೇಳಿದರು, ಹೊಸ ಎಂಟು ಪ್ರತಿ ಕೈಗೆ ಕೊಡುತ್ತಾ.