ಇಂಟೆಲ್ ಐ350 ಎರಡು ಪೋರ್ಟಿನ ಕಾರ್ಡ್: ಕೊಂಡ ದಿನವೇ ಹೆಸರು ಗಟ್ಟಿಮಾಡಿಕೊಳ್ಳಿ

ಮಾಟುಂಗದಲ್ಲಿ ನನ್ನ ಸೋದರಮಾವ ನಡೆಸುವ ಉಡುಪಿ ಹೋಟೆಲಿನ ಗಲ್ಲಾದ ಮೇಜಿನ ಕೆಳಗೆ ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆ ಹಾಕಿದ ಒಂದು ಯಂತ್ರವಿದೆ. ಬ್ರಾಡ್‌ಬ್ಯಾಂಡ್ ಕೇಬಲ್ ಅದಕ್ಕೇ ಬಂದು ಸೇರುತ್ತದೆ. ಬಿಲ್ಲಿಂಗ್ ಕಂಪ್ಯೂಟರುಗಳಿಗೂ ಅಡುಗೆಮನೆಯ ಆರ್ಡರ್ ಪ್ರಿಂಟರಿಗೂ ಸಂಪರ್ಕ ಹೋಗುವುದು ಅದರಿಂದಲೇ. ಇದಕ್ಕೆಂದು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಿಂದ ಎರಡು ನೆಟ್‌ವರ್ಕ್ ಪೋರ್ಟುಗಳಿರುವ ಇಂಟೆಲ್ ಐ350 ಕಾರ್ಡನ್ನು ಕೊಂಡು ತಂದೆ. ಅದನ್ನು ನಡೆಸುವ ಐಜಿಬಿ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವುದರಿಂದ ಬೇರೇನನ್ನೂ ಅಳವಡಿಸಬೇಕಾಗಲಿಲ್ಲ, ಎರಡೂ ಪೋರ್ಟುಗಳಲ್ಲಿ ಒಂದು ಗಿಗಾಬಿಟ್ ವೇಗ ಸ್ಥಿರವಾಗಿ ಸಿಗುತ್ತಿದೆ. ಕಾರ್ಡಿನ ಬಗ್ಗೆ ನನ್ನ ದೂರಿಲ್ಲ. ಆದರೆ ಕೊಳ್ಳುವವರು ತಿಳಿದಿರಬೇಕಾದ ಒಂದು ವಿಷಯ, ಪೋರ್ಟಿಗೆ ಲಿನಕ್ಸ್ ಕೊಡುವ ಹೆಸರು ಬದಲಾಗಬಹುದೆಂಬುದು, ಅದರ ಪೆಟ್ಟಿಗೆಯ ಮೇಲೆ ಎಲ್ಲಿಯೂ ಇಲ್ಲ.

ಕಳೆದ ತಿಂಗಳು ಆ ಯಂತ್ರಕ್ಕೆ ಒಂದು ಎನ್‌ವಿಎಂಇ ಡಿಸ್ಕ್ (ಪಿಸಿಐ ಮೂಲಕವೇ ಜೋಡಣೆಯಾಗುವ ವೇಗದ ಡಿಸ್ಕ್) ಸೇರಿಸಿದೆ. ಮರುದಿನ ಬೆಳಿಗ್ಗೆ ಇಡ್ಲಿಯ ಮೊದಲ ತಟ್ಟೆ ಹೊರಡುವ ಹೊತ್ತಿಗೆ ಇಂಟರ್ನೆಟ್ಟೂ ಇರಲಿಲ್ಲ, ಆರ್ಡರ್ ಚೀಟಿಯೂ ಬರಲಿಲ್ಲ. ಮಾಣಿಗಳು ಬಾಯಿಮಾತಿನಲ್ಲೇ ಆರ್ಡರ್ ಹೇಳಬೇಕಾಯಿತು. ಕರ್ನಲ್ ಲಾಗ್ ತೆರೆದು ನೋಡಿದಾಗ, ನಿನ್ನೆಯವರೆಗೆ ‘ಇಎನ್‌ಪಿ1ಎಸ್0ಎಫ್0’ ಎಂದಿದ್ದ ಪೋರ್ಟಿನ ಹೆಸರು ‘ಇಎನ್‌ಪಿ2ಎಸ್0ಎಫ್0’ ಆಗಿತ್ತು. ಈ ಹೆಸರಿನಲ್ಲಿ ‘ಪಿ’ಯ ಮುಂದಿನ ಅಂಕೆ ಕಾರ್ಡುಗಳು ಜೋಡಣೆಯಾಗುವ ದಾರಿಯಾದ ಪಿಸಿಐ ಬಸ್ಸಿನ ಸಂಖ್ಯೆ, ‘ಎಸ್’ನ ಮುಂದಿನದು ಸ್ಲಾಟ್, ‘ಎಫ್’ನ ಮುಂದಿನದು ಒಂದೇ ಕಾರ್ಡಿನೊಳಗಿನ ಪೋರ್ಟುಗಳನ್ನು ಬೇರ್ಪಡಿಸುವ ಫಂಕ್ಷನ್. ಹೊಸ ಡಿಸ್ಕ್ ಬಂದಾಗ ಬಸ್ಸಿನ ಎಣಿಕೆ ಒಂದು ಮುಂದೆ ಸರಿಯಿತು, ನನ್ನ ನೆಟ್‌ವರ್ಕ್ ಫೈಲಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು. 2013ರಲ್ಲಿ, ಲಿನಕ್ಸ್‌ನ ಸೇವೆಗಳನ್ನು ಆರಂಭಿಸಿ ನಡೆಸುವ ಸಿಸ್ಟಮ್‌ಡಿ 197ರೊಂದಿಗೆ ಬಂದ ಈ ಪದ್ಧತಿಯನ್ನು ‘ಊಹಿಸಬಹುದಾದ ಹೆಸರು’ ಎಂದು ಕರೆಯುತ್ತಾರೆ; ಯಂತ್ರದ ಒಳಗನ್ನು ಮುಟ್ಟದೆ ಇರುವವರೆಗೆ ಆ ಮಾತು ನಿಜ.

ಅಂಗಡಿಯ ಹುಡುಗ ಫೋನಿನಲ್ಲಿ ಕೊಟ್ಟ ಸಲಹೆ, ಯಂತ್ರ ಆರಂಭವಾಗುವಾಗ ಕರ್ನಲ್‌ಗೆ ಕೊಡುವ ಬೂಟ್ ಸಾಲಿಗೆ ‘ನೆಟ್.ಐಎಫ್‌ನೇಮ್ಸ್=0’ ಸೇರಿಸಿ ‘ಇಟಿಎಚ್0’, ‘ಇಟಿಎಚ್1’ ಹೆಸರುಗಳಿಗೆ ಮರಳಬೇಕೆಂಬುದು. ಒಂದೇ ಪೋರ್ಟಿನ ಯಂತ್ರಕ್ಕೆ ಅದು ಸಾಕಾಗಬಹುದು. ಎರಡು ಮೂರು ಪೋರ್ಟುಗಳಿದ್ದಲ್ಲಿ ಕರ್ನಲ್ ಯಾವುದನ್ನು ಮೊದಲು ಗುರುತಿಸುತ್ತದೆಯೋ ಅದಕ್ಕೆ ಸೊನ್ನೆ ಸಿಗುವುದರಿಂದ, ಹೊರಗಿನ ಜಾಲವೂ ಒಳಗಿನ ಜಾಲವೂ ಒಂದು ದಿನ ಅದಲುಬದಲಾಗುವ ಅಪಾಯವಿದೆ. ಆದ್ದರಿಂದ ನಾನು ಆ ಸಲಹೆಯನ್ನು ಒಪ್ಪಲಿಲ್ಲ.

ಕಾರ್ಡನ್ನು ಎಲ್ಲಿಗೆ ಸರಿಸಿದರೂ ಬದಲಾಗದಿರುವುದು ಅದರ ಪ್ರತಿ ಪೋರ್ಟಿನ ಮ್ಯಾಕ್ ವಿಳಾಸ, ಅಂದರೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆ. ‘ಇಟಿಸಿ’ಯೊಳಗಿನ ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ ಪೋರ್ಟಿಗೊಂದರಂತೆ ‘.ಲಿಂಕ್’ ಫೈಲ್ ಬರೆದು, ಮ್ಯಾಚ್ ಭಾಗದಲ್ಲಿ ‘ಪರ್ಮನೆಂಟ್ ಮ್ಯಾಕ್ ಅಡ್ರೆಸ್’, ಲಿಂಕ್ ಭಾಗದಲ್ಲಿ ‘ವ್ಯಾನ್0’ (ಹೊರಗಿನ ಜಾಲ), ‘ಲ್ಯಾನ್0’ (ಒಳಗಿನ ಜಾಲ) ಎಂಬ ಹೆಸರುಗಳನ್ನು ಕೊಟ್ಟೆ. ಬರಿಯ ‘ಮ್ಯಾಕ್ ಅಡ್ರೆಸ್’ ಎಂದು ಬರೆದರೆ, ಅದೇ ಪೋರ್ಟಿನ ಮೇಲೆ ರಚಿಸಿ ಅದೇ ವಿಳಾಸವನ್ನು ಪಡೆಯುವ ವಿಎಲ್ಯಾನ್ (ವರ್ಚುವಲ್ ಜಾಲ) ಇಂಟರ್‌ಫೇಸಿಗೂ ಆ ಹೆಸರು ಅಂಟಿಕೊಳ್ಳಲು ಹೋಗಿ ತೊಡಕಾಗುತ್ತದೆ. ಮೊದಲು ಹೊಂದಿಕೆಯಾದ ಫೈಲ್ ಒಂದನ್ನೇ ಸಾಧನಗಳಿಗೆ ಹೆಸರಿಡುವ ಯುಡೆವ್ ಪಾಲಿಸುವುದರಿಂದ ಫೈಲಿನ ಹೆಸರು 99ರ ಡಿಫಾಲ್ಟ್ ಫೈಲಿಗಿಂತ ಮುಂಚೆ ಬರಬೇಕು; ನನ್ನವು 10ರಿಂದ ಆರಂಭವಾಗುತ್ತವೆ. ಹೆಸರು 15 ಅಕ್ಷರ ಮೀರಬಾರದು, ‘ಇಟಿಎಚ್’ ಎಂದೂ ಇಡಬಾರದು, ಏಕೆಂದರೆ ಕರ್ನಲ್ ಆ ಹೆಸರನ್ನು ತಾನೇ ಬೇರೆ ಪೋರ್ಟಿಗೆ ಕೊಟ್ಟಿರಬಹುದು. ಕೊನೆಗೆ ‘ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್’ ಆಜ್ಞೆಯನ್ನು ‘ಯು’ ಆಯ್ಕೆಯೊಂದಿಗೆ ಕೊಟ್ಟು, ಬೂಟಿನ ಆರಂಭದಲ್ಲಿ ಬಳಕೆಯಾಗುವ ಕಡತಕ್ಕೂ ಈ ಫೈಲುಗಳನ್ನು ಸೇರಿಸಲೇಬೇಕು. ಮೊದಲ ಸಲ ಇದನ್ನು ಮರೆತು, ಮರುಬೂಟಿನ ನಂತರವೂ ಹಳೆಯ ಬಗೆಯ ಹೆಸರನ್ನೇ ಕಂಡು ಅರ್ಧ ಗಂಟೆ ಕಳೆದೆ.

ಯಾವ ತೂತು ಯಾವ ಹೆಸರಿನದೆಂದು ತಿಳಿಯಲು ‘ಇಥ್‌ಟೂಲ್’ಗೆ ‘ಪಿ’ ಆಯ್ಕೆ ಕೊಟ್ಟಾಗ ಆ ಪೋರ್ಟಿನ ದೀಪ ಮಿನುಗುತ್ತದೆ. ಮೇಜಿನ ಕೆಳಗೆ ಬಗ್ಗಿ ಅದನ್ನು ನೋಡಿಕೊಂಡು ಎರಡಕ್ಕೂ ಚೀಟಿ ಅಂಟಿಸಿದೆ. ಅನಂತರ ಪರೀಕ್ಷೆಗೆಂದು ಕಾರ್ಡನ್ನು ಇನ್ನೊಂದು ಸ್ಲಾಟಿಗೆ ಬದಲಾಯಿಸಿದಾಗ ಬಸ್ಸಿನ ಸಂಖ್ಯೆ ಮತ್ತೆ ಬದಲಾಯಿತು, ಹೆಸರುಗಳು ಮಾತ್ರ ಹಾಗೆಯೇ ಉಳಿದು ಅಡುಗೆಮನೆಯ ಪ್ರಿಂಟರ್ ಚೀಟಿ ಹೊರಹಾಕಿತು.