ಕ್ಯಾಂಡಿಡಾ ಆರಿಸ್ ಪ್ಯಾನೆಲ್: ಲ್ಯಾಬಿನವರಿಗೆ ಬೇಕಾದ ಪೆಟ್ಟಿಗೆ

ಅಮೆರಿಕದ ಸಿಡಿಸಿ (ರೋಗ ನಿಯಂತ್ರಣ ಸಂಸ್ಥೆ) ಮತ್ತು ಎಫ್‌ಡಿಎ (ಔಷಧ ನಿಯಂತ್ರಣ ಸಂಸ್ಥೆ) ಸೇರಿ ನಡೆಸುವ, ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳ ಸಂಗ್ರಹವಾದ ಎಆರ್ ಐಸೊಲೇಟ್ ಬ್ಯಾಂಕಿನ ಈ ಪ್ಯಾನೆಲ್‌ನಲ್ಲಿ, ಅಂದರೆ ಪರೀಕ್ಷೆಗೆ ಜೋಡಿಸಿಟ್ಟ ಮಾದರಿಗಳ ಗುಂಪಿನಲ್ಲಿ, 20 ಯೀಸ್ಟ್ ತಳಿಗಳಿವೆ. ಹತ್ತು ಕ್ಯಾಂಡಿಡಾ ಆರಿಸ್, ಅಂದರೆ ಹಲವು ಔಷಧಗಳಿಗೆ ಬಗ್ಗದ, ಆಸ್ಪತ್ರೆಗಳಲ್ಲಿ ಹರಡುವ ರೋಗಕಾರಕ ಯೀಸ್ಟ್. ಉಳಿದವು ಅದರ ದಾಯಾದಿಗಳು ಇಲ್ಲವೇ ಆರಿಸ್ ಎಂದೇ ಗೊಂದಲ ಹುಟ್ಟಿಸುವಂಥವು. ಪೂರ್ವ ಏಷ್ಯಾ, ದಕ್ಷಿಣ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕದ ವಂಶಗಳು ಒಟ್ಟಿಗೆ ಸಿಗುವುದೇ ದೊಡ್ಡ ಲಾಭ.

ಸೂಕ್ಷ್ಮಾಣು ಗುರುತಿಸುವ ವೈಟೆಕ್-2 ಯಂತ್ರದ ಹಳೆಯ ಡೇಟಾಬೇಸ್ ಆರಿಸ್‌ಗೆ ಅದರ ದಾಯಾದಿ ಹೆಮ್ಯುಲೋನಿಯ ಹೆಸರು ಕೊಡುತ್ತಿತ್ತು. ಅಂಥ ಎಡವಟ್ಟು ಇಲ್ಲಿ ತಕ್ಷಣ ಬಯಲಾಗುತ್ತದೆ.

ಔಷಧ ಪರೀಕ್ಷೆಯಲ್ಲೇ ಕೈ ತಪ್ಪುವುದು. ಬ್ರಾತ್ ಮೈಕ್ರೊಡೈಲ್ಯೂಷನ್‌ಗೆ (ತಟ್ಟೆಯ ಸಣ್ಣ ಗುಳಿಗಳಲ್ಲಿ ಔಷಧವನ್ನು ಹಂತಹಂತವಾಗಿ ತೆಳುಗೊಳಿಸಿ ಯೀಸ್ಟ್ ಬೆಳೆಸಿ ನೋಡುವ ವಿಧಾನ) 35 ಡಿಗ್ರಿ ಸೆಲ್ಸಿಯಸ್, 24 ಗಂಟೆ. ಶಿಲೀಂಧ್ರನಾಶಕಗಳಲ್ಲಿ ಫ್ಲುಕೊನಜೋಲ್‌ಗೆ ಬೆಳವಣಿಗೆ ಅರ್ಧಕ್ಕಿಳಿದ ಗುಳಿಯನ್ನು ಓದಿ, ಆಂಫೊಟೆರಿಸಿನ್‌ಗೆ ಪೂರ್ತಿ ನಿಂತದ್ದನ್ನು. ಇನಾಕ್ಯುಲಮ್ (ಗುಳಿಗೆ ಹಾಕುವ ಯೀಸ್ಟ್) ದಟ್ಟವಾದರೆ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಔಷಧ ಪ್ರಮಾಣ, ಸುಳ್ಳೇ ಏರುತ್ತದೆ. ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ಪ್ರತಿ ಸುತ್ತಿಗೂ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್‌ನ ಪ್ರಮಾಣಿತ ತಳಿ ಎಟಿಸಿಸಿ 22019 ಜೊತೆಗಿರಲಿ.

ಕೊರತೆ? ಇರಾನಿನಲ್ಲಿ ಸಿಕ್ಕ ಆರಿಸ್‌ನ ಐದನೆಯ ವಂಶ ಮೂಲ ಹತ್ತು ಆರಿಸ್ ತಳಿಗಳಲ್ಲಿಲ್ಲ.