ಮೂರು ಪೋಲೊ, ಮೂರು ಸಸ್ಪೆನ್ಷನ್, ಒಂದು ನವಲಗುಂದ ರಸ್ತೆ

ನಾವು ಹುಬ್ಬಳ್ಳಿ-ಧಾರವಾಡದ ಮೂವರು ಗೆಳೆಯರು, ಮೂವರದೂ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರು, ಟಯರೂ ಒಂದೇ. ಸಸ್ಪೆನ್ಷನ್ ಮಾತ್ರ ಬೇರೆ ಬೇರೆ. ನನ್ನದರಲ್ಲಿ ಕೋನಿ ಯೆಲ್ಲೊ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್), ಜೊತೆಗೆ ಕಾರನ್ನು ಸ್ವಲ್ಪವೇ ಇಳಿಸುವ ಸ್ಪ್ರಿಂಗ್. ಗೋಕುಲ ರಸ್ತೆಯವನದು ಬಿ.ಸಿ. ರೇಸಿಂಗ್ ಕಂಪನಿಯ ಬಿಆರ್ ಕಾಯಿಲೋವರ್, ಅಂದರೆ ಸ್ಪ್ರಿಂಗ್, ಡ್ಯಾಂಪರ್ ಒಟ್ಟಿಗೇ ಬರುವ, ಎತ್ತರ ಹೊಂದಿಸಬಹುದಾದ ಸೆಟ್. ಧಾರವಾಡದವನದು ಕೆಡಬ್ಲ್ಯೂ ವಿ3, ಅದೂ ಕಾಯಿಲೋವರೇ. ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕ್‌ಗೆ ಹೋಗುತ್ತೇವೆ. ನಮ್ಮೂರ ಪಕ್ಕ ಹಾಯುವ ಎನ್‌ಎಚ್ 48 ಅಲ್ಲಿಗೇ ಮುಟ್ಟಿಸುತ್ತದೆ, ಹಾದಿ ತಪ್ಪೋ ಮಾತೇ ಇಲ್ಲ. ಉಳಿದ ದಿನವೆಲ್ಲ ಆಫೀಸು, ಸಂತೆ, ಮದುವೆ ಮನೆ. ಕಳೆದ ಮಳೆಗಾಲ ಮುಗಿದ ಮೇಲೆ ಕೀಲಿ ಅದಲುಬದಲು ಮಾಡಿಕೊಂಡು ಒಂದೊಂದು ಕಾರನ್ನೂ ವಾರಗಟ್ಟಲೆ ಓಡಿಸಿದೆವು.

ಮೊದಲು ರಸ್ತೆಯ ಮಾತು ಹೇಳಲೇಬೇಕು. ನವಲಗುಂದ, ಅಣ್ಣಿಗೇರಿ ಕಡೆ ಎಲ್ಲ ಎರಿ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಪಾಪ ಅಲೆ ಅಲೆಯಾಗಿ ನಿಲ್ಲುತ್ತದೆ. ಎಂಬತ್ತರಲ್ಲಿ ಹೋಗುವಾಗ ಕಾರು ದೋಣಿ ಥರ ಮೆಲ್ಲಗೆ ಏಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಇದನ್ನು ಹಿಡಿಯೋಕೆ ಬಿಗಿ ಡ್ಯಾಂಪರ್ ಬೇಕು. ಅದೇ ಹಳೇ ಹುಬ್ಬಳ್ಳಿಯ ಗುಂಡಿಯಲ್ಲಿ ಚಕ್ರ ಪಟ್ಟನೆ ಮೇಲೆ ಹಾರುತ್ತದೆ, ಅಲ್ಲಿ ಡ್ಯಾಂಪರ್ ಸಡಿಲ ಇರಬೇಕು. ಟ್ರ್ಯಾಕಿನಲ್ಲೂ ಕಥೆ ಇದೇ ಅಲ್ವಾ? ತಿರುವಿನಲ್ಲಿ ಕಾರು ವಾಲುವುದು ನಿಧಾನ, ಟ್ರ್ಯಾಕಿನ ಅಂಚಿನ ದಿಂಡು, ಅಂದರೆ ಕರ್ಬ್ ಮೇಲೆ ಚಕ್ರ ಜಿಗಿಯುವುದು ಫಾಸ್ಟ್. ಹಾಗಾಗಿ ನಾನು ಡ್ಯಾಂಪರ್ ಬಿಗಿ-ಸಡಿಲ ಮಾಡೋಕೆ ಎಷ್ಟು ಕ್ಲಿಕ್ (ಹಂತ) ಇವೆ ಅಂತ ಎಣಿಸುವುದನ್ನು ಬಿಟ್ಟೆ. ಆ ಕ್ಲಿಕ್ ಯಾವುದನ್ನು ಬದಲಿಸುತ್ತದೆ ಅನ್ನೋದೇ ಪ್ರಶ್ನೆ.

ಬಿ.ಸಿ. ಕಾಯಿಲೋವರಿನಲ್ಲಿ 30 ಕ್ಲಿಕ್. ಕೇಳೋಕೆ ಜೋರು. ಆದರೆ ತಿರುಗಿಸೋ ನಾಬ್ ಒಂದೇ, ಅದನ್ನು ತಿರುಗಿಸಿದರೆ ಕಂಪ್ರೆಷನ್ (ಡ್ಯಾಂಪರ್ ಒಳಗೆ ಒತ್ತುವಾಗಿನ ಹಿಡಿತ), ರಿಬೌಂಡ್ (ಮತ್ತೆ ಹೊರಗೆ ಚಾಚುವಾಗಿನ ಹಿಡಿತ) ಎರಡೂ ಒಟ್ಟಿಗೇ ಬಿಗಿಯಾಗುತ್ತವೆ. ನವಲಗುಂದ ರಸ್ತೆಗೆ ಸರಿಯಾಗಲಿ ಅಂತ 20ರ ಆಚೆ ಒಯ್ದರೆ ಊರೊಳಗೆ ಒಂದೊಂದು ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತದೆ. ಸಡಿಲ ಮಾಡಿದರೆ ಆ ಗಟ್ಟಿ ಸ್ಪ್ರಿಂಗನ್ನು ಹಿಡಿಯೋರೇ ಇಲ್ಲ, ಒಂದು ಅಲೆಗೆ ಮೂರು ಸಲ ಕುಣಿಯುತ್ತದೆ. ನಮ್ಮವ್ವ ಹಿಂದೆ ಕೂತವಳು ಉಣಕಲ್ ದಾಟೋದರೊಳಗೆ ಹೇಳಿದಳು: "ಏನಪಾ, ಟ್ರ್ಯಾಕ್ಟರ್‌ನಾಗ ಕುಂತಂಗ ಆಗೇತಿ." ಮೇಲಿನ ಪಿಲ್ಲೋಬಾಲ್ ಮೌಂಟ್ (ರಬ್ಬರ್ ಬದಲು ಲೋಹದ ಕೀಲು) ಟಕ್ ಟಕ್ ಅನ್ನೋದು ಬೇರೆ. ಇನ್ನು ಇದನ್ನು ಕೂರಿಸಿದ ಗ್ಯಾರೇಜಿನವರು ಮುಂದೆ ಎತ್ತರ ಬೇಕು ಅಂದಿದ್ದಕ್ಕೆ ಸ್ಪ್ರಿಂಗ್ ಕೆಳಗಿನ ರಿಂಗನ್ನೇ ತಿರುಗಿಸಿ ಬಿಗಿ ಮಾಡಿ ಕೊಟ್ಟಿದ್ದರು, ಅದೂ ಎಡಕ್ಕೊಂದು ಲೆಕ್ಕ, ಬಲಕ್ಕೊಂದು ಲೆಕ್ಕ. ಈ ಕಿಟ್‌ನಲ್ಲಿ ಮುಂದಿನ ಎತ್ತರಕ್ಕೆ ಕೆಳಗಿನ ಬ್ರ್ಯಾಕೆಟ್ ಬೇರೆಯೇ ಇದೆ. ಎರಡು ತಿಂಗಳು ಕಾರು ಎಡಕ್ಕೆ ಎಳೆಯುತ್ತಿತ್ತು, ನಾವು ಸುಮ್ನೆ ಟಯರಿಗೆ ಬೈದೆವು. ಟ್ರ್ಯಾಕಿನಲ್ಲಿ ಮಾತ್ರ ಮಜಾ. ಚಕ್ರದ ಮೇಲ್ತುದಿಯನ್ನು ಒಳಕ್ಕೆ ವಾಲಿಸೋ ಕ್ಯಾಂಬರ್ ಪ್ಲೇಟ್ ಇರೋದರಿಂದ ಮುಂದಿನ ಟಯರಿನ ಹೊರ ಅಂಚು ಕಮ್ಮಿ ಸವೆಯಿತು.

ಕೆಡಬ್ಲ್ಯೂ ಮೂರರಲ್ಲೂ ಒಳ್ಳೆಯದು, ಅನುಮಾನವೇ ಬೇಡ. ರಿಬೌಂಡಿಗೆ 16 ಕ್ಲಿಕ್, ಕಂಪ್ರೆಷನ್ನಿಗೆ 12, ಎರಡೂ ಬೇರೆ ಬೇರೆ. ಅದಕ್ಕಿಂತ ಮುಖ್ಯ, ತಿರುಗಿಸಿದಾಗ ಬದಲಾಗುವುದು ನಿಧಾನದ ಚಲನೆಯ ಹಿಡಿತ ಮಾತ್ರ. ಗುಂಡಿಗೆ ಬೇಕಾದ ಸಡಿಲವನ್ನು ಒಳಗಿನ ವಾಲ್ವಿನಲ್ಲಿ ಅವರೇ ಮೊದಲೇ ಕೂರಿಸಿರುತ್ತಾರೆ. ಟ್ರ್ಯಾಕಿನಲ್ಲಿ ಕರ್ಬ್ ಹತ್ತಿದರೂ ಸ್ಟೇರಿಂಗ್ ಕೈಯಲ್ಲಿ ಒದರಲಿಲ್ಲ. ತೊಂದರೆ ಎರಡು. ದುಡ್ಡು ಅಂದ್ರೆ ಒಂದು ಹಳೇ ಆಲ್ಟೊ ಬರುವಷ್ಟು. ಇನ್ನೊಂದು, ಕಂಪ್ರೆಷನ್ ತಿರುಗಿಸೋ ಜಾಗ ಡ್ಯಾಂಪರಿನ ಬುಡದಲ್ಲಿದೆ. ಎರಿ ಮಣ್ಣು ಒಮ್ಮೆ ಮೆತ್ತಿ ಒಣಗಿದರೆ ಬ್ರಷ್, ನೀರು, ಮತ್ತೆ ಬ್ರಷ್. ಧಾರವಾಡದವನು ಒಂದು ವರ್ಷದಲ್ಲಿ ಅದನ್ನು ಎರಡೇ ಸಲ ಮುಟ್ಟಿದ್ದಾನೆ.

ನನ್ನ ಕೋನಿಯಲ್ಲಿ ಬದಲಾಗುವುದು ರಿಬೌಂಡ್ ಒಂದೇ. ಕಂಪ್ರೆಷನ್ ಹೇಗಿದೆಯೋ ಹಾಗೇ. ಕೊಳ್ಳುವಾಗ ಇದು ಬಡವರ ವ್ಯವಸ್ಥೆ ಅಂತ ಗೆಳೆಯರು ನಕ್ಕಿದ್ದರು. ಅಲೆಗೆ ಮುಂದೆ ಅರ್ಧ ಸುತ್ತು ಬಿಗಿ ಮಾಡಿದೆ, ಗುಂಡಿಯ ಪೆಟ್ಟು ಮಾತ್ರ ಜಾಸ್ತಿ ಆಗಲೇ ಇಲ್ಲ. ದಿನದ ಓಡಾಟದಲ್ಲಿ ಕೆಡಬ್ಲ್ಯೂಗೆ ತೀರಾ ಹತ್ತಿರ. ಎತ್ತರ ಹೊಂದಿಸೋಕೆ ಆಗಲ್ಲ, ಅದರ ಕೊರಗೂ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಅಳತೆಯಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇತ್ತು. ನಮ್ಮ ಓಣಿಯ ಹಂಪ್ ಹಾಕಿದವರಿಗೆ ಅದನ್ನು ಯಾರೂ ಹೇಳಿಲ್ಲ, ಹಾಗಾಗಿ ಇದಕ್ಕಿಂತ ಕೆಳಗೆ ಇಳಿಸೋ ಆಸೆ ನನಗಿಲ್ಲ.

ಕೋನಿ ಕೈಕೊಡುವುದು ಟ್ರ್ಯಾಕಿನಲ್ಲಿ. ನನ್ನ ಸೆಟ್‌ನಲ್ಲಿ ಮುಂದಿನದನ್ನು ಬಾನೆಟ್ ಎತ್ತಿ ಕೈಯಲ್ಲೇ ತಿರುಗಿಸಬಹುದು. ಹಿಂದಿನದನ್ನು ಕಾರಿನಿಂದ ಬಿಚ್ಚಿ, ಪೂರ್ತಿ ಒಳಗೆ ಒತ್ತಿ ಹಿಡಿದು ತಿರುಗಿಸಬೇಕು. ಯಾರು ಮಾಡ್ತಾರೆ? ಮುಂದೆ ಮಾತ್ರ ಬಿಗಿ ಮಾಡಿ ಹೋದರೆ, ಮುಂದಿನ ಚಕ್ರ ಎಳೆಯುವ ಈ ಕಾರಿನ ಮೂಗು ತಿರುವಿನಲ್ಲಿ ಇನ್ನಷ್ಟು ಹೊರಗೆ ಓಡುತ್ತದೆ. ಬಿ.ಸಿ., ಕೆಡಬ್ಲ್ಯೂ ಎರಡರಲ್ಲೂ ಹಿಂದೆ ಬಿಗಿ ಮಾಡಿದಾಗ ಕಾರು ಎಷ್ಟು ಚೆನ್ನಾಗಿ ತಿರುಗಿತು ಅಂತ ನೋಡಿ ಹೊಟ್ಟೆ ಉರಿದದ್ದು ನಿಜ. ತಿಂಗಳಿಗೊಮ್ಮೆ ಟ್ರ್ಯಾಕ್‌ಗೆ ಹೋಗೋರಾದರೆ ನನ್ನ ಮಾತು ಕೇಳಬೇಡಿ, ಕೆಡಬ್ಲ್ಯೂಗೇ ದುಡ್ಡು ಕೂಡಿಸಿ. ವರ್ಷಕ್ಕೆ ಎರಡು ಸಲ ಅಂದರೆ ಕೋನಿ ಸಾಕು.

ಈ ಸಲ ಹೊರಡುವ ಹಿಂದಿನ ರಾತ್ರಿ ಹಿಂದಿನ ಎರಡನ್ನೂ ಬಿಚ್ಚಿ ಮುಕ್ಕಾಲು ಸುತ್ತು ಬಿಗಿ ಮಾಡಿದ್ದೆ. ವಾಪಸ್ ಬಂದು ಮೂರು ವಾರ ಆಯ್ತು, ಇನ್ನೂ ಸಡಿಲ ಮಾಡಿಲ್ಲ. ಅವ್ವ ಈಗ ಮುಂದಿನ ಸೀಟಿನಲ್ಲೇ ಕೂರುತ್ತಾಳೆ.